ಬಚ್ಚಲಲ್ಲಿ ತುಪ್ಪದ ವಾಸನೆ

ಕೈಯಲ್ಲಿ ಒಂದಿಷ್ಟು ಕಸುಬಿರುವ ಗಂಡಸು ಕದ್ದುಮುಚ್ಚಿ ಏನನ್ನೂ ಮಾಡಬಾರದು. ಮಾಡಿದ ಕೆಲಸವನ್ನು ನಾಲ್ಕು ಜನಕ್ಕೆ ತೋರಿಸದೆ ಇರಲು ಅವನಿಂದ ಆಗುವುದಿಲ್ಲ. ನಾನು ಸಿಂದಗಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ರಾಫ್ಟ್ ಮಾಸ್ತರ. ಒಡೆದ ಬಕೆಟ್ಟು, ಹರಿದ ಚಪ್ಪಲಿ, ಮುರಿದ ಛತ್ರಿ, ಯಾವುದನ್ನೂ ಎಸೆಯಲು ಬಿಡುವವನಲ್ಲ. ಮನೆಯಲ್ಲಿ ಏನಾದರೂ ಕಾಣೆಯಾದರೆ ಹೆಂಡತಿ ನೀಲಾ ಮೊದಲು ತಡಕುವುದು ನನ್ನ ಚೀಲವನ್ನು.

ನನಗೆ ಸಿಗರೇಟಿನ ಚಟವಿತ್ತು. ಒಂದು ಶ್ರಾವಣ ಸೋಮವಾರ ನೀಲಾ ನನ್ನನ್ನು ದೇವರ ಜಗಲಿಯ ಮುಂದೆ ನಿಲ್ಲಿಸಿ, "ನೀವು ಸಿಗರೇಟ್ ಬಿಟ್ಟ್ರ ನಾ ಚಹಾ ಬಿಡ್ತೇನ್ರಿ. ನೀವು ಅದನ್ನ ಬಾಯಿಗಿ ಹಚ್ಚದ ಇರೂತನಕ ನಾನೂ ಇದನ್ನ ಹಚ್ಚೂದಿಲ್ಲ" ಎಂದು ಹರಕೆ ಹೊತ್ತಳು. ಹರಕೆಗೆ ಪ್ರೀತಿಯ ಪದಾರ್ಥ ಬಿಡುವುದು ಹೊಸತೇನಲ್ಲ. ಆದರೆ ಚಹಾ! ದಿನಕ್ಕೆ ಐದು ಸಲ ಕುಡಿಯುವವಳು, ಚಹಾದ ಸಲುವಾಗಿ ತವರಿನ ಬಸ್ಸನ್ನೇ ತಪ್ಪಿಸಿಕೊಂಡವಳು. ನನ್ನ ಕಣ್ಣು ಒದ್ದೆಯಾಯಿತು. ನಿಜವಾಗಿಯೂ ಬಿಟ್ಟೆ. ಹನ್ನೊಂದನೆಯ ದಿನ ಸೋಲಾಪುರದ ಗೆಳೆಯನೊಬ್ಬ ಪೆನ್ನಿನಂಥ ಒಂದು ಬ್ಯಾಟರಿ ಸಿಗರೇಟು ಕೈಗಿತ್ತು, "ಇದು ಹೊಗಿ ಅಲ್ಲೋ ಮಾಸ್ತರ, ಬರೇ ಉಗಿ" ಎಂದ. ಉಗಿ ಇಡ್ಲಿಯಿಂದಲೂ ಬರುತ್ತದೆ, ಹರಕೆಯಲ್ಲಿ ಉಗಿಯ ಮಾತೇ ಬಂದಿಲ್ಲ ಎಂದು ನನ್ನ ಮನಸ್ಸು ವಕೀಲಿ ಮಾಡಿತು. ಆ ವಕೀಲಿಯಲ್ಲೇ ಒಂದು ವರ್ಷ ಉರುಳಿತು.

ಆ ಯಂತ್ರದ್ದು ಒಂದೇ ರೋಗ, ಆಗಾಗ ಕಟ್ಟಿಕೊಳ್ಳುತ್ತದೆ. ಒಳಗಿನ ತಂತಿಯ ಸುರುಳಿಗೆ ಮಸಿ ಹಿಡಿಯುತ್ತದೆ, ಅದರೊಳಗಿನ ಹತ್ತಿ ಸುಡುತ್ತದೆ. ಮೊಬೈಲ್ ರಿಪೇರಿಯವನಿಗೆ ತೋರಿಸಿದರೆ ಅವನು ಹಾವು ಕಂಡವನಂತೆ ಕೈ ಹಿಂದಕ್ಕೆಳೆದುಕೊಂಡು, "ಸರ್, ಇದನ್ನ ಸರಕಾರ ಬಂದ್ ಮಾಡೇತ್ರಿ. ಮೊದಲ ಕಿಸೇದಾಗ ಇಟ್ಟುಕೊಳ್ರಿ" ಎಂದ. ತಟ್ಟನೆ ಕಿಸೆಗೆ ಹಾಕಿಕೊಂಡೆ. ಆದರೂ ಕಸುಬು ಬಿಡಬೇಕಲ್ಲ! ಸೈಕಲ್ಲಿನ ಕಡ್ಡಿ ತಿಕ್ಕಿ ಸೂಜಿ ಮಾಡಿದೆ, ಛತ್ರಿಯ ಕಡ್ಡಿ ಬಡಿದು ಕೊಕ್ಕೆ ಮಾಡಿದೆ, ಹಳೆಯ ಟೂತ್‌ಬ್ರಷ್ ಕತ್ತರಿಸಿ ಬೆರಳುದ್ದದ ಬ್ರಷ್ ಮಾಡಿದೆ. ಮೂರಕ್ಕೂ ಹಿಡಿಕೆಗೆ ಕೆಂಪು ದಾರ ಸುತ್ತಿದೆ. ದಾರ ಯಾಕೆ ಬೇಕಿತ್ತು? ಚೆಂದ ಕಾಣಲಿ ಅಂತ. ಆ ಚೆಂದವೇ ನೀಲಾಳ ಕಣ್ಣಿಗೆ ಬಿತ್ತು. "ಇವೇನ್ರಿ?" ಎಂದಳು. ಬಾಯಿಗೆ ಬಂದದ್ದು ಹೇಳಿದೆ: "ನಿಮ್ಮಪ್ಪಾರಿಗೆ. ಔಷಧ ಹೊಡಿಯೂ ಪಂಪಿನ ನಾಝಲ್ ಸ್ವಚ್ಛ ಮಾಡಾಕ."

ಮಾವನವರದು ಚಡಚಣದಲ್ಲಿ ದ್ರಾಕ್ಷಿ ತೋಟ. ಮಗಳಿಂದ ಸುದ್ದಿ ಕೇಳಿದ್ದೇ ತಡ, ಭಾನುವಾರ ಬಸ್ಸು ಹತ್ತಿ ಬಂದುಬಿಟ್ಟರು. ಸೂಜಿಯನ್ನು ಬೆಳಕಿಗೆ ಹಿಡಿದು, "ಅಬಬಬ ಅಳಿಯಾರ! ನಾಝಲ್ ಕಟ್ಟಿದ್ರ ಬಾಯಿಲೆ ಊದಿ ಊದಿ ಸಾಕಾಗಿತ್ರಿ. ಬಾಜೂ ತ್ವಾಟದವರೂ ಕೇಳಾಕತ್ತಾರ, ಒಂದು ಇಪ್ಪತ್ತು ಮಾಡಿಕೊಡ್ರಿ" ಎಂದರು. ನೀಲಾ ಅಪ್ಪನಿಗೆ ಚಹಾ ತಂದಿಟ್ಟು, ಅದರ ಹಬೆಯನ್ನೊಮ್ಮೆ ಮೂಗಿನಲ್ಲಿ ಎಳೆದುಕೊಂಡು, ತಾನು ಬಿಸಿನೀರು ಕುಡಿದಳು. ನನ್ನನ್ನು ಹೆಮ್ಮೆಯಿಂದ ನೋಡಿದಳು ಬೇರೆ. ಆ ನೋಟ ತಡೆಯಲಾರದೆ ನನಗೆ ಒಂದು ದಮ್ಮು ಬೇಕೇ ಬೇಕಾಯಿತು.

ಯಂತ್ರಕ್ಕೆ ಹಾಕುವ ಹತ್ತಿ ಮುಗಿದಿತ್ತು. ದೇವರ ಜಗಲಿಯ ಮೇಲಿನ ಬಟ್ಟಲಲ್ಲಿ ಹೂಬತ್ತಿಗಳಿದ್ದವು. ಒಂದನ್ನೆತ್ತಿಕೊಂಡು ಬಚ್ಚಲಿಗೆ ಹೋಗಿ ಗಡಿಬಿಡಿಯಲ್ಲಿ ಯಂತ್ರಕ್ಕೆ ತುರುಕಿದೆ. ಸೋಮವಾರದ ಬತ್ತಿಗಳನ್ನು ನೀಲಾ ಹಿಂದಿನ ದಿನವೇ ತುಪ್ಪದಲ್ಲಿ ಅದ್ದಿಡುತ್ತಾಳೆಂಬುದು, ಹತ್ತೊಂಬತ್ತು ವರ್ಷ ಸಂಸಾರ ಮಾಡಿಯೂ ಜಗಲಿಯ ಕಡೆ ತಿರುಗಿ ನೋಡದ ನನಗೆ ಹೇಗೆ ಗೊತ್ತಾಗಬೇಕು? ಬೆರಳಿಗೆ ಹತ್ತಿದ ಜಿಡ್ಡನ್ನು ನನ್ನದೇ ಬೆವರು ಅಂದುಕೊಂಡೆ. ಒಂದು ಸಲ ಎಳೆದೆ. ಗಂಟಲಿಗೆ ಕೆಂಡ ಬಿದ್ದಂತಾಯಿತು. ಕೆಮ್ಮು ಅಂದರೆ ಎಂಥ ಕೆಮ್ಮು! ಹೊರಗಿನಿಂದ ಮಾವನವರ ದನಿ: "ಯವ್ವಾ ನೀಲಾ, ಬಚ್ಚಲದಾಗ ಯಾರು ದೀಪಾ ಹಚ್ಚ್ಯಾರ? ತುಪ್ಪದ ವಾಸನಿ ಬರಾಕತ್ತೈತಿ." ಉಸಿರು ಸಿಗದೆ ಚಿಲಕ ನಾನೇ ತೆಗೆದೆ. ಬಾಗಿಲಲ್ಲಿ ಅಪ್ಪ, ಮಗಳು. ನನ್ನ ಎಡಗೈಯಲ್ಲಿ ಹೊಗೆಯಾಡುವ ಯಂತ್ರ, ಬಲಗೈಯಲ್ಲಿ ಕೆಂಪು ದಾರದ ಸೂಜಿ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮಾವನವರು ಯಂತ್ರವನ್ನು ನೋಡಿದರು, ಸೂಜಿಯನ್ನು ನೋಡಿದರು. "ಅಂದ್ರ, ಇದು ನಾಝಲ್ ಸಲುವಾಗಿ ಮಾಡಿದ್ದಲ್ಲೇನ್ರಿ ಅಳಿಯಾರ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿರಾಸೆಯಿತ್ತು. ನೀಲಾ ಬಿಟ್ಟ ಕಣ್ಣು ಬಿಟ್ಟಂತೆಯೇ ನಿಂತಿದ್ದಳು. "ಹದಿಮೂರು ತಿಂಗಳಾತ್ರಿ ನಾ ಚಹಾ ಕುಡಿದು" ಎಂದಳು, ಅಷ್ಟೆ. ಇಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಅವಳು ಅಡಿಗೆಮನೆಗೆ ಹೋಗಿ, ಶುಂಠಿ ಜಜ್ಜಿ ಹಾಕಿ ಚಹಾ ಮಾಡಿಕೊಂಡು, ನಮ್ಮಿಬ್ಬರ ಎದುರಿಗೆ ಕುಳಿತು ಎರಡು ಕಪ್ಪು ಕುಡಿದಳು. ನನಗೆ ಬೇಕೇ ಎಂದು ಕೇಳಲೂ ಇಲ್ಲ. "ನೀವು ಖರೇನ ಬಿಟ್ಟ ದಿನಾ ನಾನೂ ಮತ್ತ ಬಿಡ್ತೇನಿ" ಎಂದಳು.

ಯಂತ್ರವನ್ನು ಅವತ್ತೇ ಕಲ್ಲಿನಿಂದ ಜಜ್ಜಿದೆ. ಇಪ್ಪತ್ತು ಸೂಜಿ ಮಾಡಿ ಚಡಚಣಕ್ಕೆ ಕಳಿಸಿದೆ. ನಾಲ್ಕು ತಿಂಗಳಾಯಿತು, ಹೊಗೆಯೂ ಇಲ್ಲ, ಉಗಿಯೂ ಇಲ್ಲ. ನೀಲಾಳಿಗೆ ಹೇಳಿಬಿಡೋಣ ಎಂದು ದಿನವೂ ಅಂದುಕೊಳ್ಳುತ್ತೇನೆ. ಆದರೆ ಸಂಜೆ ಮನೆಗೆ ಬಂದರೆ ಅವಳು ಕಟ್ಟೆಯ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ, ಬಸಿಯಿಂದ ಸೊರ್ರೆಂದು ಚಹಾ ಹೀರುತ್ತಿರುತ್ತಾಳೆ. ನನ್ನ ಅಂಗಿ ಮೂಸಿ, "ವಾಸನಿನೂ ಬರದಂಗ ಸೇದಾಕ ಕಲ್ತೀರಿ ಬಿಡ್ರಿ" ಎನ್ನುತ್ತಾಳೆ. ನಾನು ಸಿಕ್ಕಿಬಿದ್ದ ಕಳ್ಳನ ಮುಖ ಮಾಡಿಕೊಂಡು ಬಚ್ಚಲಿಗೆ ಹೋಗುತ್ತೇನೆ. ಚಿಲಕ ಹಾಕಿಕೊಂಡು, ಅವಳ ಕಪ್ಪು ಖಾಲಿಯಾಗುವವರೆಗೆ ಸುಮ್ಮನೆ ನಿಂತು ಬರುತ್ತೇನೆ.