ಪರದೇಶಕ್ಕೆ ಹೋದ ಪಹಣಿ

ನಮ್ಮ ದಫ್ತರದಲ್ಲಿ ನಗು ತರಿಸುವ ಪ್ರಸಂಗಗಳಿಗೆ ಬರವಿಲ್ಲ, ನಗುವವರಿಗೆ ಮಾತ್ರ ಬರ. ಯಾವ ಊರಿನ ದಫ್ತರ ಎಂದು ಹೇಳುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ನೌಕರಿ ಮಾಡಿದವನು ನಾನು. ಹೆಸರು ಹೇಳಿದರೆ ಒಂದು ಊರಿನವರು ಸಿಟ್ಟಾಗುತ್ತಾರೆ, ಹೇಳದಿದ್ದರೆ ಮೂರೂ ಊರಿನವರು ತಮ್ಮದೇ ಎಂದುಕೊಳ್ಳುತ್ತಾರೆ. ನನ್ನ ಕೆಲಸ ಹಳೆಯ ಕಾಗದಪತ್ರ ಕಾಯುವುದು. ಅಂದರೆ, ಕಾಯುವುದಾಗಿತ್ತು.

೧. ಮೂರು ಸಹಿ

ನಮ್ಮ ರೆಕಾರ್ಡ್ ಕೋಣೆಯಲ್ಲಿ ಹಳ್ಳಿಗೊಂದು ಬಸ್ತಾ ಇತ್ತು, ಕೆಂಪು ಅರಿವೆಯಲ್ಲಿ ಕಟ್ಟಿದ ಕಾಗದದ ಗಂಟು. ಕಟ್ಟಿದ ರೀತಿ ನೋಡಿಯೇ ಇದು ಕೆಂಭಾವಿ ಕಡೆಯದು, ಇದು ವನದುರ್ಗದ್ದು ಎಂದು ಹೇಳುತ್ತಿದ್ದೆ. ಒಂದು ಹಾಳೆ ಎದುರಿನ ಝೆರಾಕ್ಸ್ ಅಂಗಡಿಗೆ ಹೋಗಬೇಕಾದರೂ ವಹಿಯಲ್ಲಿ ಮೂರು ಸಹಿ ಬೇಕು. ಒಮ್ಮೆ ಸಾಹೇಬರೇ ಸಹಿ ಮರೆತು ಹಾಳೆ ಒಯ್ದಾಗ ಓಡಿಹೋಗಿ ಅವರ ಜೀಪಿಗೆ ಅಡ್ಡ ನಿಂತವನು ನಾನು.

ಒಂದು ದಿನ, ಕಾಗದವನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಗುತ್ತಿಗೆ ಹಿಡಿದವನ ಇಂಜಿನಿಯರ್ ಬಂದ. ಎರಡು ತಿಂಗಳಲ್ಲಿ ಎಲ್ಲವನ್ನೂ ಸ್ಕ್ಯಾನ್ ಮಾಡಿ ಮುಗಿಸಿದ.

"ಈಗ ಇವೆಲ್ಲಾ ಎಲ್ಲಿ ಅದಾವ್ರಿ?" ಎಂದು ಕೇಳಿದೆ.

"ಕ್ಲೌಡಿನಾಗ ಅದಾವ್ರಿ. ಫಾರಿನ್ ಕಂಪನಿದು."

"ಯಾವ ದೇಶದಾಗ?"

"ಅದನ್ನ ಅವರು ಹೇಳಂಗಿಲ್ಲ, ನಾವು ಕೇಳಂಗಿಲ್ಲ."

ಅಸಲು ಬಸ್ತಾಗಳು ಮೇಲಿನ ಆಫೀಸಿನ ಶೆಡ್ಡು ಸೇರಿದವು. ಮೊದಲ ಮಳೆಗಾಲದಲ್ಲೇ ತಗಡು ಸೋರಿ ಎಲ್ಲ ಮುದ್ದೆಯಾಯಿತು. ಝೆರಾಕ್ಸ್ ಅಂಗಡಿಗೆ ಮೂರು ಸಹಿ ಕೇಳುತ್ತಿದ್ದ ನಾನು, ಇಡೀ ತಾಲೂಕಿನ ಹೊಲಗಳು ಸಮುದ್ರ ದಾಟುವಾಗ ಇಂಜಿನಿಯರನಿಗೆ ಚಹಾ ಕುಡಿಸಿ ಕಳಿಸಿಕೊಟ್ಟಿದ್ದೆ.

೨. ಸೈದಾಪುರ ದಾಟದವನು

ವನದುರ್ಗದ ಕಡೆಯ ಮುದುಕಿಯೊಬ್ಬಳು ಬಂದಳು. ಅಪ್ಪನಿಗೆ ಒಬ್ಬಳೇ ಮಗಳು. ಅಪ್ಪನ ಮೂರೆಕರೆಯನ್ನು ದಾಯಾದಿಯೊಬ್ಬ ತನ್ನದೆಂದು ಉಳುತ್ತಿದ್ದ. ಕೋರ್ಟಿನಲ್ಲಿ ದಾವೆ ನಡೆದಿತ್ತು. ಅವಳಿಗಿದ್ದ ಆಧಾರ ಅಪ್ಪನ ಹೆಸರಿರುವ ಹಳೆಯ ಪಹಣಿ, ಉರ್ದುವಿನಲ್ಲಿ ಬರೆದ ಒಂದೇ ಹಾಳೆ. ಅದರ ನಕಲು ಕೊಟ್ಟರೆ ಹೊಲ ಅವಳದು, ಇಲ್ಲದಿದ್ದರೆ ಇಲ್ಲ. ಆ ಹಾಳೆಯನ್ನು ನಾನು ಎಷ್ಟೋ ಸಲ ಕೈಯಲ್ಲಿ ಹಿಡಿದಿದ್ದೇನೆ. ಆದರೆ ಅಂದು ರಸ್ತೆ ಅಗೆಯುವವರು ಇಂಟರ್ನೆಟ್ಟಿನ ವಾಯರ್ ಕತ್ತರಿಸಿದ್ದರು.

"ಅವ್ವಾ, ನಿನ್ನ ಹಾಳಿ ಪರದೇಶದಾಗ ಅದ. ಇವತ್ತ ತರಸಾಕ ಆಗಂಗಿಲ್ಲ," ಎಂದೆ.

"ಪರದೇಶದಾಗ? ನಮ್ಮಪ್ಪ ಸೈದಾಪುರ ಸ್ಟೇಷನ್ ದಾಟಿದಾಂವ ಅಲ್ಲ. ಅದೂ ಬೀಗರನ್ನ ರೈಲಿಗಿ ಹತ್ತಸಾಕ ಹೋಗಿದ್ದ."

"ಹಾಳಿ ಅಷ್ಟ ಹೋಗ್ಯಾದವ್ವ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಪುಣ್ಯಾ ಮಾಡ್ಯಾದ ಬಿಡ್ರಿ. ನಾ ಇಲ್ಲಿತನಾ ಬರಾಕ ಎರಡು ಬಸ್ ಹತ್ತಿ ಇಳದೀನಿ."

ಮುಂದಿನ ಸಲ ಬಂದಾಗ ಕರೆಂಟ್ ಇರಲಿಲ್ಲ. ದಸರೆ ರಜೆ ಮುಗಿದ ಮರುದಿನ ಬಾ, ಖಾತ್ರಿ ಕೊಡುತ್ತೇನೆ ಎಂದು ಮಾತು ಕೊಟ್ಟೆ.

೩. ಪೂಜೆ

ಆಯುಧ ಪೂಜೆಗೆ ನಾವು ಪ್ರತಿ ವರ್ಷ ಬಸ್ತಾದ ಕಪಾಟಿಗೆ ಪೂಜೆ ಮಾಡುತ್ತಿದ್ದೆವು. ಈಗ ಕಪಾಟು ಖಾಲಿ. "ಯಾವುದರಿಂದ ರೆಕಾರ್ಡ್ ತೆಗೀತದೋ ಅದಕ್ಕ ಪೂಜಿ ಮಾಡ್ರಿ," ಎಂದರು ಸಾಹೇಬರು. ರೆಕಾರ್ಡ್ ತೆರೆಯುವುದು ಹೆಬ್ಬೆಟ್ಟು ಒತ್ತುವ ಪುಟ್ಟ ಯಂತ್ರದಿಂದ. ನಮ್ಮ ಜವಾನ ಮಹಾ ಭಕ್ತ. ಯಂತ್ರದ ಗಾಜಿಗೆ ಅಡ್ಡ ಮೂರು ಬೆರಳು ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಮೇಲೆ ತೆಂಗಿನಕಾಯಿ ನೀರು ಚಿಮುಕಿಸಿದ.

ರಜೆ ಮುಗಿದ ಮರುದಿನ ಹತ್ತಕ್ಕೆ ಮುದುಕಿ ಹಾಜರ್. ನಾನು ಹೆಬ್ಬೆಟ್ಟು ಒತ್ತಿದೆ, ತೆರೆಯಲಿಲ್ಲ. ಕಂಪ್ಯೂಟರ್ ನೋಡುವ ಹುಡುಗಿ ಒತ್ತಿದಳು, ಸಾಹೇಬರು ಒತ್ತಿದರು, ಇಲ್ಲ. "ಯಾರದರ ಹತ್ತತದ, ಎಲ್ಲಾರೂ ಬರ್ರಿ," ಎಂದರು ಸಾಹೇಬರು. ಜವಾನ, ಡ್ರೈವರ್, ಹೊರಗೆ ಅರ್ಜಿ ಬರೆಯುವವನು, ಎಲ್ಲರೂ ಸಾಲಾಗಿ ನಿಂತು ಒತ್ತಿದರು.

"ನಂದೂ ಒಂದು ಒತ್ತಲೇನ್ರಿ? ಹುಟ್ಟಿದಾಗಿಂದ ಅದನ್ನೇ ಒತ್ತೇನಿ," ಎಂದು ಮುದುಕಿಯೂ ಒತ್ತಿದಳು.

ಅಷ್ಟರಲ್ಲಿ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿದವು. ಹುಡುಗಿ ಓದಿ ಹೇಳಿದಳು, "ಕಳ್ಳರು ನುಗ್ಗಾಕತ್ತಾರಂತ ಕಂಪನಿಯವರು ನಮ್ಮ ಖಾತೆಗಿ ಬೀಗ ಹಾಕ್ಯಾರ್ರಿ."

"ಕಳ್ಳರು ಯಾರವಾ?" ಎಂದರು ಸಾಹೇಬರು.

"ನಾವ್ರಿ."

೪. ಗುರುತು

ಬೀಗ ತೆಗೆಯಿರಿ ಎಂದು ಕಂಪನಿಗೆ ಪತ್ರ ಬರೆದೆವು. ಮೂರು ಸಿಂಹದ ದುಂಡು ಮೊಹರು ಒತ್ತಿ, ಸಾಹೇಬರ ಹಸಿರು ಸಹಿ ಹಾಕಿಸಿ ಕಳಿಸಿದೆವು. ಈ ಖಾತೆ ನಿಮ್ಮದೇ ಎನ್ನುವುದಕ್ಕೆ ಈ ಮೊಹರು ನಡೆಯುವುದಿಲ್ಲ, ಕರೆಂಟ್ ಬಿಲ್ ಕಳಿಸಿ ಎಂದು ಉತ್ತರ ಬಂತು. ಬರೆದದ್ದು ಮನುಷ್ಯನೋ ಮಷೀನೋ ತಿಳಿಯಲಿಲ್ಲ.

ನಮ್ಮ ದಫ್ತರದ ಮೀಟರ್ ಇನ್ನೂ ಕಟ್ಟಡದ ಹಳೆಯ ಮಾಲಕನ ಹೆಸರಿನಲ್ಲಿದೆ. ಆತ ಸತ್ತು ನನ್ನ ನೌಕರಿಗೆ ಆದಷ್ಟೇ ವರ್ಷವಾಗಿದೆ. ಬೇರೆ ದಾರಿ ಕಾಣದೆ ಅದನ್ನೇ ಕಳಿಸಿದೆವು. ಕಂಪನಿಯವರು ಭಲೇ ಖುಷಿಯಾಗಿ, ಬಿಲ್ಲಿನಲ್ಲಿರುವವರು ಖುದ್ದು ಕ್ಯಾಮೆರಾಕ್ಕೆ ಮುಖ ತೋರಿಸಲಿ ಎಂದರು. ಆತ ಸತ್ತಿದ್ದಾನೆ ಎಂದು ಬರೆದರೆ ಮರಣದ ದಾಖಲೆ ಕೇಳಿದರು. ಆ ದಾಖಲೆ ಇರುವುದೂ ಬೀಗದ ಒಳಗೇ.

ನಿಜ ಹೇಳುತ್ತೇನೆ, ಅಂದು ನನಗೆ ಅಳು ಬಂತು. ನಮ್ಮದೇ ನೆಲದ ಕಾಗದವನ್ನು ನಮಗೇ ತೋರಿಸಿ ಎಂದು ಗುರುತಿಲ್ಲದವರ ಬಾಗಿಲಲ್ಲಿ ನಿಂತಿದ್ದೆವು. ಸಾಹೇಬರು ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ಕೇಳಿದರು, "ಆ ಮಾಲಕನ ಮಕ್ಕಳಾಗ ಯಾರರ ಅವನಂಗ ಕಾಣ್ತಾರೇನ್ರಿ?"

೫. ಸಾಕ್ಷಿ

ಕೋರ್ಟಿನ ಕೊನೆಯ ತಾರೀಖು ಬಂತು. ಬೀಗ ತೆರೆದಿರಲಿಲ್ಲ, ಹಾಳೆ ಇಲ್ಲ. ಹಾಳೆ ನೋಡಿದ ಕಣ್ಣುಗಳಾದರೂ ಇವೆಯಲ್ಲ ಎಂದು ನಾನೇ ಸಾಕ್ಷಿ ಹೇಳಲು ಹೋದೆ. ವನದುರ್ಗದ ಬಸ್ತಾದಲ್ಲಿ ಈಕೆಯ ಅಪ್ಪನ ಹೆಸರು ಓದಿದ್ದೇನೆ ಎಂದೆ.

ದಾಯಾದಿಯ ವಕೀಲ ಎದ್ದು ನಿಂತ. "ನೀವು ರೆಕಾರ್ಡ್ ಕಾಯೋರು ಅನ್ನಾಕ ಏನು ಆಧಾರ?"

"ನನ್ನ ಸರ್ವಿಸ್ ಪುಸ್ತಕ ಅದರಿ."

"ತೋರಸ್ರಿ."

ನಾನು ತಲೆ ಕೆಳಗೆ ಹಾಕಿದೆ. "ಅದನ್ನೂ ಸ್ಕ್ಯಾನ್ ಮಾಡಿ ಒಯ್ದಾರ್ರಿ."

ಇಡೀ ಕೋರ್ಟು ನಕ್ಕಿತು. ನ್ಯಾಯಾಧೀಶರೂ ಬಾಯಿಗೆ ಕರವಸ್ತ್ರ ಹಿಡಿದರು. ಆಮೇಲೆ, ದಾಖಲೆ ಇಲ್ಲದ ಕಾರಣ ದಾವೆ ವಜಾ ಎಂದು ಓದಿದರು. ದಾಯಾದಿ ಮೋಟಾರ್ ಸೈಕಲ್ ಹತ್ತಿ ಹೋದ, ಹಿಂಗಾರಿಗೆ ಬಿತ್ತುವ ಗಡಿಬಿಡಿ ಅವನಿಗೆ.

ಮುದುಕಿ ಕೋರ್ಟಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ಮುಖ ತೋರಿಸಲು ನಾಚಿಕೆಯಾಯಿತು. ಆದರೂ ಹೋಗಿ ಪಕ್ಕದಲ್ಲಿ ಕುಳಿತೆ. ಆಕೆ ಕೇಳಿದಳು, "ಸಾಹೇಬ್ರ, ಆ ಪರದೇಶದಾಗಿನ ಹಾಳಿ ಹರದಿಲ್ಲಲ್ಲ?"

"ಇಲ್ಲವ್ವ. ಹಂಗ ಅದ."

"ಅದರಾಗ ಹೊಲ ಯಾರ ಹೆಸರೀಗದ?"

"ನಿಮ್ಮಪ್ಪನ ಹೆಸರೀಗೆ."

ಆಕೆ ಎದ್ದು ಸೀರೆ ಕೊಡವಿಕೊಂಡಳು.

"ಹಂಗಾರ ಆ ದೇಶದವರಿಗೆ ಒಂದು ಮಾತು ಹೇಳ್ರಿ. ಹೊಲ ಬೀಳು ಬಿಡಬ್ಯಾಡ್ರಿ, ಪಾಲೀಗೆ ಮಾಡ್ಕೊಂಡು ತಿನ್ರಿ ಅಂತ. ಬಾವಿ ಕಡಿಗಿನ ಬದು ಮಾತ್ರ ಒತ್ತಬ್ಯಾಡ್ರಿ, ಅಲ್ಲಿ ನಮ್ಮಪ್ಪನ್ನ ಮಣ್ಣು ಮಾಡ್ಯಾರ."

ಹೇಳುತ್ತೇನೆ ಎಂದೆ.