ಹದಿನಾಲ್ಕು ಕಾಲಮಿನ ಹೆಣ್ಣುಮಕ್ಕಳ ಶಾಲೆ

ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕುಳಿತ ಮನುಷ್ಯನಿಗೆ ಯಾವುದನ್ನೂ ಸುಮ್ಮನೆ ನೋಡಿ ಇಷ್ಟಪಡುವ ಶಕ್ತಿ ಉಳಿದಿರುವುದಿಲ್ಲ. ನನ್ನ ಮಟ್ಟಿಗಂತೂ ಅದು ಪೂರ್ತಿ ಹೊರಟುಹೋಗಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂರು ಅಂಗಡಿಗಳಿಂದ ದರಪಟ್ಟಿ ತರಿಸದೆ, ಅವನ್ನು ಒಂದರ ಪಕ್ಕ ಒಂದು ಬರೆದು ತುಲನಾತ್ಮಕ ತಃಖ್ತೆ ತಯಾರಿಸದೆ, ಅದರ ಕೆಳಗೆ ‘ಪರಿಶೀಲಿಸಲಾಗಿದೆ’ ಎಂದು ನಾನು ಸಹಿ ಮಾಡದೆ ನಮ್ಮ ಕಚೇರಿಗೆ ಒಂದು ಕಸಬರಿಗೆಯೂ ಬಂದಿಲ್ಲ. ಈ ಅಭ್ಯಾಸ ಸಂತೆಗೂ ನನ್ನ ಹಿಂದೆಯೇ ಬರುತ್ತದೆ. ಬದನೆಕಾಯಿಯನ್ನು ಮೂರು ಕಡೆ ವಿಚಾರಿಸಿ ಮೊದಲನೆಯವಳೇ ವಾಸಿ ಎಂದು ತೀರ್ಮಾನಿಸಿ ಹಿಂತಿರುಗುವಷ್ಟರಲ್ಲಿ ಅವಳು ಬುಟ್ಟಿ ಬರಿದು ಮಾಡಿಕೊಂಡು ಬಸ್ಸು ಹತ್ತಿರುತ್ತಾಳೆ. ತಃಖ್ತೆ ಇಲ್ಲದೆ ನಾನು ಮಾಡಿದ ವ್ಯವಹಾರ ಮದುವೆಯೊಂದೇ. ಆಗ ಇನ್ನೂ ನೌಕರಿ ಸಿಕ್ಕಿರಲಿಲ್ಲ. ಈ ಮಾತನ್ನು ಒಮ್ಮೆ ಹೆಮ್ಮೆಯಿಂದ ಹೇಳಿದಾಗ ನನ್ನ ಹೆಂಡತಿ ಹಸೀನಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, “ನಾನೂ ಆವಾಗ ಒಂದು ತಃಖ್ತೆ ಮಾಡಿದ್ರ ನೀವು ಎಲ್ಲಿರ್ತಿದ್ರಿ?” ಎಂದಳು. ನಾನು ಚಹಾ ಕುಡಿದು ಎದ್ದೆ.

ನಮ್ಮ ಕಚೇರಿ ಇರುವುದು ಮನಗೂಳಿಯಲ್ಲಿ. ಇಲಾಖೆ ಯಾವುದೆಂದು ಕೇಳಬೇಡಿ. ಊಟದ ನಂತರ ಅದು ನಮಗೂ ನೆನಪಿರುವುದಿಲ್ಲ. ನಾನು ಅಲ್ಲಿಯ ಹೆಡ್ ಕ್ಲಾರ್ಕು. ಸಾಹೇಬರು ಬರುತ್ತಾರೆ, ಹೋಗುತ್ತಾರೆ. ಬೀಗದ ಕೈಗಳು ಮಾತ್ರ ನನ್ನ ಡ್ರಾವರಿನಲ್ಲಿ ಶಾಶ್ವತವಾಗಿವೆ. ಒಟ್ಟು ಹತ್ತೊಂಬತ್ತು. ಪ್ರತಿಯೊಂದಕ್ಕೂ ರಟ್ಟಿನ ಚೀಟಿ, ಚೀಟಿಯ ಮೇಲೆ ಕೆಂಪು ಶಾಯಿಯ ನಂಬರು. ಯಾರಿಗೆ ಯಾವುದು ಬೇಕಾದರೂ ನನ್ನ ಮೇಜಿನ ಮುಂದೆ ಬಂದು ನಿಂತು ನಂಬರು ಹೇಳಬೇಕು. ನಮ್ಮಲ್ಲಿರುವ ಒಬ್ಬರೇ ಮಹಿಳಾ ಸಿಬ್ಬಂದಿ ಕುಲಕರ್ಣಿ ಬಾಯಿಯವರು ಈ ಶಿಸ್ತಿಗೆ ಮಾದರಿ. ದಿನಕ್ಕೆ ಒಂದೇ ಸಲ, ಮಧ್ಯಾಹ್ನ, ನನ್ನ ಮುಂದೆ ಬಂದು ಗೋಡೆಯ ಕ್ಯಾಲೆಂಡರು ನೋಡುತ್ತ ನಿಲ್ಲುತ್ತಾರೆ. ನಾನು ಪೆನ್ನು ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು, “ಯಾವ ನಂಬರ್‍ರಿ ಬಾಯಾರ?” ಎನ್ನುತ್ತೇನೆ. “ಹನ್ನೊಂದ್ರಿ,” ಎಂದು ಅವರು ಕ್ಯಾಲೆಂಡರಿಗೆ ಹೇಳುತ್ತಾರೆ. ಇಂಥ ಮಿತಭಾಷಿ ನೌಕರರು ಇಲಾಖೆಗೆ ಇನ್ನೂ ನಾಲ್ಕು ಜನ ಬೇಕು.

ಇರಲಿ, ವಿಷಯಕ್ಕೆ ಬರುತ್ತೇನೆ. ಈ ವರ್ಷ ಎರಡು ಸಂಗತಿಗಳು ಒಟ್ಟಿಗೆ ಬಂದವು. ನನಗೆ ವರ್ಗಾವಣೆ ಆಗುವುದು ಖಚಿತವಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕರಲ್ಲಿ ಯಾವುದು ಬೇಕೆಂದು ತಿಂಗಳ ಕೊನೆಯೊಳಗೆ ಬರೆದುಕೊಡಬೇಕಾಗಿತ್ತು. ನನ್ನ ಒಬ್ಬಳೇ ಮಗಳು ನಸೀಮಾ ಏಳನೆಯ ಇಯತ್ತೆ ಮುಗಿಸಿದಳು. ಎಲ್ಲಿ ಒಳ್ಳೆಯ ಶಾಲೆಯೋ ಅಲ್ಲಿಗೇ ವರ್ಗಾವಣೆ ಎಂದು ನಾನು ಘೋಷಿಸಿದೆ. ಆಗ ನಸೀಮಾ ತಾನಾಗಿಯೇ, “ಅಬ್ಬಾ, ಬರೇ ಹುಡಿಗ್ಯಾರ ಸಾಲಿಗೆ ಹಾಕ್ರಿ,” ಎಂದಳು. ಹದಿಮೂರು ವರ್ಷದ ಹುಡುಗಿಯ ಬಾಯಲ್ಲಿ ಇಂಥ ಗಂಭೀರ ಮಾತು ಕೇಳಿ, ನಾನು ಕೊಟ್ಟ ಸಂಸ್ಕಾರ ವ್ಯರ್ಥವಾಗಲಿಲ್ಲವೆಂದು ಎದೆ ಉಬ್ಬಿಸಿದೆ. ನಮ್ಮ ಹುಡುಗಿ ಮೊದಲಿನಿಂದಲೂ ಹಾಗೆಯೇ, ತ್ರಾಸು ಕೊಡುವ ಜಾತಿಯಲ್ಲ. ಬೆಳಿಗ್ಗೆ ನೀರು ತುಂಬಿ ಕಳಿಸಿದ ಬಾಟಲಿ ಸಂಜೆ ತುಂಬಿಯೇ ಮರಳುತ್ತದೆ. ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ಒಂದು ಚರಿಗೆ ನೀರು ಗಟಗಟ ಕುಡಿಯುತ್ತಾಳೆ. “ಒಂಟೆಯ ತಾಳ್ಮೆ ನಮ್ಮ ನಸೀಮಾಂದು,” ಎಂದು ಕಚೇರಿಯಲ್ಲಿ, ಮಸೀದಿಯ ಕಟ್ಟೆಯ ಮೇಲೆ, ಕಟಿಂಗ್ ಅಂಗಡಿಯಲ್ಲಿ ನಾನು ಹೇಳಿಕೊಂಡದ್ದುಂಟು.

ನಾಲ್ಕು ಊರು, ನಾಲ್ಕು ಖಾಸಗಿ ಹೆಣ್ಣುಮಕ್ಕಳ ಶಾಲೆ. ನಾನು ಹದಿನಾಲ್ಕು ಕಾಲಮಿನ ತಃಖ್ತೆಗೆ ಗೆರೆ ಹೊಡೆದೆ: ಕಟ್ಟಡ, ಕಂಪೌಂಡಿನ ಎತ್ತರ, ಗೇಟು, ಕಾವಲುಗಾರನ ಮೀಸೆ, ಸಮವಸ್ತ್ರದ ಬಣ್ಣ, ಮುಖ್ಯೋಪಾಧ್ಯಾಯಿನಿಯ ಕುರ್ಚಿ, ಹೀಗೆ. ಕೊನೆಯ ಕಾಲಂ ‘ಷರಾ’. ಅದನ್ನು ರಟ್ಟಿನ ಪ್ಯಾಡಿಗೆ ಸಿಕ್ಕಿಸಿ ಮಗಳ ಕೈಗೆ ಕೊಟ್ಟೆ. ಅಧಿಕಾರಿಯ ಹಿಂದೆ ಒಬ್ಬರು ಪ್ಯಾಡು ಹಿಡಿದು ನಿಲ್ಲದಿದ್ದರೆ ಅದು ತಪಾಸಣೆ ಅನ್ನಿಸಿಕೊಳ್ಳುವುದಿಲ್ಲ. ನಾಲ್ಕು ರಜೆ ಚೀಟಿ ಬರೆದು, ಮೇ ತಿಂಗಳ ಬಿಸಿಲಿನಲ್ಲಿ, ತಂದೆ ಮಗಳು ಬಸ್ಸು ಹತ್ತಿದೆವು.

ಮೊದಲು ಬಸವನ ಬಾಗೇವಾಡಿ. ಅಲ್ಲಿ ಶಾಲೆಗಿಂತ ಅದರ ಕಮಾನು ಎತ್ತರವಾಗಿತ್ತು. ಕಮಾನಿನ ಮೇಲೆ ಎರಡು ಸಿಮೆಂಟಿನ ಆನೆಗಳು ಸೊಂಡಿಲೆತ್ತಿ ಪ್ರವೇಶ ಬಯಸುವವರನ್ನು ಸ್ವಾಗತಿಸುತ್ತಿದ್ದವು. ಆನೆಗೆ ಯಾವ ಕಾಲಂ ಎಂದು ನಾನು ಯೋಚಿಸುತ್ತಿರುವಾಗ ನಸೀಮಾ ಮೆಲ್ಲಗೆ, “ಅಬ್ಬಾ, ನೀರ ಕುಡದ ಬರ್ತೇನಿ,” ಎಂದು ಒಳಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದಳು. ಒಂಟೆಗೆ ಬಾಯಾರಿದ್ದು ಮೊದಲ ಸಲ. ಬಿಸಿಲಿನ ಮೇಲೆ ತಪ್ಪು ಹೊರಿಸಿದೆ.

ಸಿಂದಗಿಯ ಶಾಲೆಯನ್ನು ನೋಡಿ ನಾನು ಮನಸೋತೆನೆಂದೇ ಹೇಳಬೇಕು. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಟಿವಿಯಷ್ಟು ದೊಡ್ಡ ಪರದೆ, ಅದರ ತುಂಬ ಕ್ಯಾಮೆರಾದ ಚಿತ್ರಗಳು. ಅಲ್ಲಿಯ ಗುಮಾಸ್ತರು ಎದ್ದು ನಿಂತು, “ಇರುವಿ ಓಡ್ಯಾಡಿದ್ರೂ ನಮಗ ಗೊತ್ತಾಕೈತ್ರಿ,” ಎಂದರು. ಅವರ ಸೊಂಟದಲ್ಲಿ ಮೂವತ್ತು ಕೀಲಿಕೈಗಳ ಗೊಂಚಲು. ಅವರು ನಡೆದರೆ ಎತ್ತಿನ ಗೆಜ್ಜೆ ಸರದ ಸದ್ದು. ನನಗೆ ಹಿರಿಯಣ್ಣನನ್ನು ಕಂಡಂತಾಯಿತು. ಇಬ್ಬರೂ ಬೀಗಗಳ ಬಗ್ಗೆ ಅರ್ಧ ಗಂಟೆ ಮನಸ್ಸು ಬಿಚ್ಚಿ ಮಾತಾಡಿದೆವು. ನಸೀಮಾ ಮತ್ತೆ ನೀರಿಗೆ ಹೋಗಿ ಈ ಸಲ ಬೇಗನೆ ಬಂದಳು. ಮುಖ ಸಣ್ಣದಾಗಿತ್ತು. “ಏನವಾ?” ಎಂದೆ. “ಏನಿಲ್ರಿ,” ಎಂದಳು. ಷರಾದಲ್ಲಿ ‘ಅತ್ಯುತ್ತಮ’ ಎಂದು ಬರೆದೆ.

ಇಂಡಿಯ ಶಾಲೆಯಲ್ಲಿ ಗೋಡೆಗೆಲ್ಲ ಗಾಜಿನ ಕಪಾಟು, ಒಳಗೆ ಬಹುಮಾನದ ಕಪ್ಪುಗಳು. ಆ ಕಪ್ಪುಗಳ ಎಣಿಕೆಯಲ್ಲಿ ನಾನು ಮೈಮರೆತಿದ್ದಾಗ ಮಗಳಿಗೆ ಮತ್ತೆ ನೀರಡಿಕೆ. ಹುಡುಗಿಗೆ ಏನೋ ರೋಗವೇ ಹತ್ತಿದೆಯೆಂದು ಹೆದರಿ, ಸಾಲೋಟಗಿಯಲ್ಲಿರುವ ನನ್ನ ತಂಗಿಯ ಮನೆಗೆ ಕರೆದೊಯ್ದು ಜೀರಿಗೆ ಕಷಾಯ ಕುಡಿಸಿದೆ. ಅವಳು ಸುಮ್ಮನೆ ಕುಡಿದಳು. ತಂದೆಯ ಮೂರ್ಖತನವನ್ನು ಎಂಟು ಗುಟುಕಿನಲ್ಲಿ ನುಂಗುವ ತಾಳ್ಮೆ ನಿಜಕ್ಕೂ ಒಂಟೆಗೂ ಇಲ್ಲ.

ಕೊನೆಗೆ ಮುದ್ದೇಬಿಹಾಳ. ಕಮಾನಿಲ್ಲ, ಆನೆಯಿಲ್ಲ, ಪರದೆಯಿಲ್ಲ. ಕಾಳುಕಡಿ ಮಾರುವ ಹಳೆಯ ಅಡತಿ ಅಂಗಡಿಯಂಥ ಉದ್ದನೆಯ ಕಟ್ಟಡ. ಕಾವಲುಗಾರನಿಗೆ ಮೀಸೆಯೇ ಇರಲಿಲ್ಲ, ಏಕೆಂದರೆ ಅವನು ಅವಳಾಗಿದ್ದಳು. ಮುಖ್ಯೋಪಾಧ್ಯಾಯಿನಿ ದಪ್ಪ ಕನ್ನಡಕದ ಹೆಂಗಸು. ಮೇಜಿನ ಮೇಲೆ ಹೂದಾನಿ ಇರಬೇಕಾದ ಜಾಗದಲ್ಲಿ ಒಂದು ಸ್ಕ್ರೂಡ್ರೈವರು, ತಗಡಿನ ಡಬ್ಬಿಯ ತುಂಬ ಸ್ಕ್ರೂ. “ಸಾಲಿ ಬಗ್ಗೆ ಏನರ ಕೇಳೂದೈತೇನ್ರಿ?” ಎಂದು ಅವರು ನನ್ನನ್ನಲ್ಲ, ನಸೀಮಾಳನ್ನು ಕೇಳಿದರು. ನಸೀಮಾ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಅಂದಳು. ಅವರು ನಕ್ಕು, “ಹೋಗವಾ, ನೋಡಿ ಬಾ. ಅದನ್ನ ಮೊದಲ ನೋಡಬೇಕು,” ಎಂದರು. ನಾನು ತಃಖ್ತೆಯಲ್ಲಿ ಬರೆದೆ: ‘ಮೇಜಿನ ಮೇಲೆ ಸ್ಕ್ರೂಡ್ರೈವರು. ಶಿಸ್ತಿನ ಕೊರತೆ.’

ಮನೆಗೆ ಬಂದು, ಹೆಂಡತಿ ಮಗಳನ್ನು ಚಾಪೆಯ ಮೇಲೆ ಕೂರಿಸಿ, ನಾನು ಕುರ್ಚಿಯಲ್ಲಿ ಕುಳಿತು ತಃಖ್ತೆಯನ್ನು ವಿಧ್ಯುಕ್ತವಾಗಿ ಓದಿದೆ. ಸಿಂದಗಿ ಪ್ರಥಮ, ಮುದ್ದೇಬಿಹಾಳ ಕಟ್ಟಕಡೆ. “ಆಕ್ಷೇಪಣೆಗಳಿದ್ದರೆ ಸಲ್ಲಿಸಬಹುದು,” ಎಂದೆ. ಆಕ್ಷೇಪಣೆ ಕರೆಯುವುದು ಪದ್ಧತಿ. ಅದು ಬರುವುದು ಪದ್ಧತಿಯಲ್ಲ.

“ಮುದ್ದೇಬಿಹಾಳ,” ಎಂದಳು ನಸೀಮಾ.

“ಕಾರಣ?”

ಅವಳು ಎದ್ದು ಬಂದು, ನನ್ನ ಕೈಯಲ್ಲಿದ್ದ ತಃಖ್ತೆಯನ್ನು ಬೋರಲು ಹಾಕಿದಳು. ಹಿಂಬದಿಯಲ್ಲಿ ಪೆನ್ಸಿಲಿನಿಂದ ನಾಲ್ಕು ಸಾಲು:

‘ಬಾಗೇವಾಡಿ: ನೀರು ಐತಿ, ಸಂಡಾಸಕ್ಕ ಒಳಗ ಚಿಲಕ ಇಲ್ಲ.

ಸಿಂದಗಿ: ಒಳಗ ಚಿಲಕ ಐತೋ ಇಲ್ಲೋ, ಹೊರಗ ಕೀಲಿ ಹಾಕ್ಯಾರ. ಕೀಲಿಕೈ ಕ್ಲಾರ್ಕ ಸಾಹೇಬ್ರ ಕಡೆ.

ಇಂಡಿ: ಒಂದಕ್ಕ ಬಾಗಿಲ ಇಲ್ಲ, ಒಂದಕ್ಕ ನೀರಿಲ್ಲ.

ಮುದ್ದೇಬಿಹಾಳ: ಆರು ಅದಾವ. ಆರಕ್ಕೂ ಚಿಲಕ, ಆರರಾಗೂ ನೀರು.’

ನಾನು ಕನ್ನಡಕ ತೆಗೆದು ಒರೆಸಿದೆ. ಒರೆಸಿ ಹಾಕಿಕೊಂಡರೂ ಆ ನಾಲ್ಕು ಸಾಲು ಅಲ್ಲೇ ಇದ್ದವು. “ಕೀಲಿಕೈ ಕೇಳಿದ್ರ ಕೊಡ್ತಾರಲ್ಲವಾ?” ಎಂದೆ. ದನಿ ಯಾಕೋ ಕಚೇರಿಯ ದನಿಯಂತೆ ಕೇಳಿಸಲಿಲ್ಲ.

“ಗಂಡಸರ ಮುಂದ ನಿಂತು ದಿನಾ ಹೆಂಗ ಕೇಳೂದ್ರಿ, ಅಬ್ಬಾ? ನಾಚಿಕಿ ಆಗೂದಿಲ್ಲೇನು? ಇಲ್ಲಿ ಸಾಲ್ಯಾಗೂ ಹಂಗ ಐತಿ, ಅದಕ್ಕ ನಾನು ಅಲ್ಲಿ ನೀರ ಕುಡಿಯೂದಿಲ್ಲ.”

ಹಸೀನಾ ಕುಳಿತಲ್ಲಿಂದಲೇ, “ಏಳು ವರ್ಷ ಹುಡುಗಿ ಗಂಟಲ ಒಣಗಿಸ್ಕೊಂಡು ಕಲತಾಳ. ನೀವು ಒಂಟಿ, ಒಂಟಿ ಅಂತ ಊರ ತುಂಬ ಡಂಗುರ ಹೊಡದ್ರಿ,” ಎಂದಳು.

“ನಿನಗ ಗೊತ್ತಿತ್ತೇನು?”

“ನಾನೂ ಹಂಗ ಕಲತಾಕಿರಿ. ನಮ್ಮ ಕನ್ನೊಳ್ಳಿ ಸಾಲ್ಯಾಗ ಸಂಡಾಸನ ಇರಲಿಲ್ಲ. ಇದು ಹೇಳೂ ಮಾತ ಅಂತ ನಮಗ ಯಾರು ಹೇಳಿಕೊಟ್ಟಾರು?”

ಅಂದೇ ವರ್ಗಾವಣೆಯ ಅರ್ಜಿಯಲ್ಲಿ ಮುದ್ದೇಬಿಹಾಳ ಎಂದು ಬರೆದೆ. ಮೊದಲ ಆದ್ಯತೆ ಮುದ್ದೇಬಿಹಾಳ, ಎರಡನೆಯದೂ ಮುದ್ದೇಬಿಹಾಳ. ತಃಖ್ತೆಯನ್ನು ಹರಿಯಲು ಕೈ ಬರಲಿಲ್ಲ. ಬೋರಲು ಹಾಕಿ ಕಡತಕ್ಕೆ ಸೇರಿಸಿದೆ. ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ತಿದ್ದಿಕೊಂಡ ತಂದೆಯಾಗಿ ನಿಮ್ಮ ಮುಂದೆ ಮೆರೆಯಬಹುದಾಗಿತ್ತು.

ಸೋಮವಾರ ಮಧ್ಯಾಹ್ನ ಕುಲಕರ್ಣಿ ಬಾಯಿಯವರು ಎಂದಿನಂತೆ ಬಂದು ಕ್ಯಾಲೆಂಡರು ನೋಡುತ್ತ ನಿಂತರು. ಆರು ವರ್ಷಗಳಿಂದ ಅವರು ಕೇಳುತ್ತಿದ್ದ ಹನ್ನೊಂದನೆಯ ನಂಬರು ಯಾವುದರದೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು, ಚೀಟಿಯ ಮೇಲೆ ‘ಮಹಿಳಾ ಶೌಚಾಲಯ’ ಎಂದು ಬರೆದವನೇ ನಾನು. ಈ ಸಲ ಯಾವ ನಂಬರು ಎಂದು ಕೇಳಲಿಲ್ಲ. ಕೀಲಿಕೈಯನ್ನು ಚೀಟಿ ಬಿಚ್ಚಿ ಅವರ ಮುಂದಿಟ್ಟೆ. “ಇದು ನಿಮ್ಮ ಕಡೆನ ಇರ್ಲಿರಿ, ಬಾಯಾರ.”

ಅವರು ಮೊದಲ ಬಾರಿ ಕ್ಯಾಲೆಂಡರು ಬಿಟ್ಟು ನನ್ನನ್ನು ನೋಡಿದರು. “ಭಾಳ ಛಲೋ ಆತ್ರಿ. ಇದನ್ನ ಕೇಳಿ ನಾ ಒಂದು ಅರ್ಜಿ ಕೊಟ್ಟಿದ್ದೆ, ನಾಲ್ಕು ವರ್ಷದ ಹಿಂದ. ಏನಾತೋ ಏನೋ.”

“ಎಲ್ಲೈತ್ರಿ ಅದು?”

“ನಿಮ್ಮ ಹದಿನೇಳನೇ ನಂಬರಿನ ಕಪಾಟಿನ್ಯಾಗ ಅದರೀ.”

ಅವರು ಹೋದ ಮೇಲೆ ಹದಿನೇಳನೆಯ ಕಪಾಟು ತೆರೆದೆ. ಅರ್ಜಿ ಸುರಕ್ಷಿತವಾಗಿತ್ತು, ಗೆದ್ದಲು ಕೂಡ ಮುಟ್ಟಿರಲಿಲ್ಲ. ನಮ್ಮ ಕಪಾಟುಗಳ ಭದ್ರತೆ ಅಂಥದ್ದು. ದುಂಡಗಿನ ಅಕ್ಷರದಲ್ಲಿ ಮೂರೇ ಸಾಲಿನ ವಿನಂತಿ. ಅದರ ಅಂಚಿನಲ್ಲಿ ಕೆಂಪು ಶಾಯಿಯಿಂದ ಷರಾ: ‘ಪರಿಶೀಲಿಸಲಾಗಿದೆ.’ ಕೆಳಗಿನ ಸಹಿ ಬಹಳ ಸುಂದರವಾಗಿತ್ತು. ನನ್ನ ಸಹಿ ಯಾವಾಗಲೂ ಸುಂದರವಾಗಿಯೇ ಇರುತ್ತದೆ.