ಹಳದಿ ತಂಡದ ಅಭಿಪ್ರಾಯ ಶಾಖೆ

ಹಳದಿ ತಂಡ ಆ ವರ್ಷದ ಲೀಗಿನಲ್ಲಿ ಸತತ ಹದಿನಾಲ್ಕನೆಯ ಪಂದ್ಯವನ್ನು ಸೋತ ವಿಷಯವನ್ನು ಕ್ಲಬ್ಬಿನ ಆಡಳಿತ ಮಂಡಳಿ ಸೋಮವಾರದ ಸಭೆಯಲ್ಲಿ ಗಮನಕ್ಕೆ ತೆಗೆದುಕೊಂಡು, ಸದರಿ ಸೋಲು ನಿಯಮಾನುಸಾರವಾಗಿಯೇ ಇದೆ ಎಂದು ನಡಾವಳಿಯಲ್ಲಿ ದಾಖಲಿಸಿತು. ಆದರೆ ಸೋಲು ಅಂದಮೇಲೆ ಅದಕ್ಕೊಂದು ಕಾರಣವೂ ಇರಬೇಕಲ್ಲ. ಹದಿಮೂರು ಪಂದ್ಯಗಳವರೆಗೆ ಅದನ್ನು ಯಾರೂ ಕೇಳಿರಲಿಲ್ಲ. ಈಗ ಯಾರೋ ಕೇಳಿಬಿಟ್ಟದ್ದರಿಂದ ಮೂವರ ಸಮಿತಿ ರಚನೆಯಾಯಿತು. ಸಮಿತಿ ನಲವತ್ತು ನಿಮಿಷಗಳಲ್ಲಿ ಕಾರಣವನ್ನು ಪತ್ತೆಹಚ್ಚಿತು. ಕಾರಣ, ಮೂರನೇ ಸಾಲಿನಲ್ಲಿ ಕೂರುವ ಟೈಲರ್.

ಈ ಟೈಲರ್‌ನದು ಕ್ರೀಡಾಂಗಣದ ಹಿಂದಿನ ಬೀದಿಯಲ್ಲೊಂದು ಅಂಗಡಿ. ಎರಡು ಹೊಲಿಗೆ ಮಿಷನ್ನು, ಒಂದು ಇಸ್ತ್ರಿ ಮೇಜು, ಗೋಡೆ ತುಂಬ ಮೂವತ್ತನಾಲ್ಕು ವರ್ಷಗಳಲ್ಲಿ ತೆಗೆಸಿದ ತಂಡದ ಮೂವತ್ತನಾಲ್ಕು ಫೋಟೊ. ಹಳದಿ ತಂಡ ಲೀಗ್ ಗೆದ್ದ ವರ್ಷವೇ ಅವನ ಮದುವೆಯಾಗಿತ್ತು. ಆಮೇಲೆ ತಂಡ ಗೆದ್ದಿಲ್ಲ. ಇದರಲ್ಲಿ ತನ್ನ ತಪ್ಪೇನೂ ಇಲ್ಲ ಎಂದು ಅವನ ಹೆಂಡತಿ ವರ್ಷಕ್ಕೊಮ್ಮೆಯಾದರೂ ಹೇಳಬೇಕಾಗಿ ಬರುತ್ತಿತ್ತು. ಪ್ಯಾಂಟಿನ ಅಂಚು ಮಡಿಸಿಕೊಳ್ಳಲು ಬಂದ ಗಿರಾಕಿಗೆ ಅಂಚಿನ ಜೊತೆಗೆ ತಂಡದ ಬಗ್ಗೆ ಅಭಿಪ್ರಾಯಗಳು ಪುಕ್ಕಟೆ. ಎಡಬದಿಯ ಆಟಗಾರನಿಗೆ ಎಡಗಾಲು ಇದೆ ಎಂಬುದಕ್ಕೆ ಯಾವ ಪುರಾವೆಯೂ ಇಲ್ಲ. ಕೋಚ್ ಪಂದ್ಯದ ಹೊತ್ತಿನಲ್ಲಾದರೂ ಕಣ್ಣು ಬಿಟ್ಟುಕೊಂಡಿರಬೇಕು. ಗೋಲ್‌ಕೀಪರ್ ಚೆಂಡನ್ನು ಹಿಡಿಯದಿದ್ದರೆ ಹೋಗಲಿ, ಅದಕ್ಕೆ ದಾರಿ ಬಿಡುವಾಗ ತಲೆಬಾಗಿ ನಮಸ್ಕಾರ ಮಾಡುವುದನ್ನಾದರೂ ನಿಲ್ಲಿಸಬೇಕು. ತಂಡ ಆರು ಗೋಲಿನಿಂದ ಸೋತ ವಾರ ಅವನು ಹೊಲಿದ ಅಂಗಿಗಳಿಗೆ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ. ಗಿರಾಕಿಗಳು ಬೈಯಲಿಲ್ಲ. ಅವರೂ ಹಳದಿಯವರೇ.

ಹದಿನಾಲ್ಕನೆಯ ಪಂದ್ಯದಲ್ಲಿ ನಡೆದದ್ದಿಷ್ಟು. ತಂಡದ ಮುಂಚೂಣಿ ಆಟಗಾರ ಹೇಗೋ ಚೆಂಡಿನ ಸಮೇತ ಎದುರಾಳಿಯ ಗೋಲಿನ ಮುಂದೆ ಒಂಟಿಯಾಗಿ ನಿಂತುಬಿಟ್ಟಿದ್ದ. ಇಂಥ ಪರಿಸ್ಥಿತಿ ಅವನಿಗೆ ಹೊಸದು. ಟೈಲರ್‌ಗೆ ತಡೆಯಲಾಗಲಿಲ್ಲ.

"ಗೋಲಿಗೆ ಒದಿಯಪ್ಪಾ!" ಎಂದು ಎದ್ದು ನಿಂತು ಕೂಗಿದ.

ಆಟಗಾರ ನಿಂತ. ತಿರುಗಿದ. ಎದೆಯ ಮೇಲೆ ಕೈಯಿಟ್ಟುಕೊಂಡು, "ನನಗಾ ಹೇಳಿದ್ದು?" ಎಂದು ವಿನಯದಿಂದ ಕೇಳಿದ. ಅಷ್ಟರಲ್ಲಿ ಚೆಂಡು ಹೋಯಿತು, ಈ ತುದಿಗೆ ಬಂತು, ಒಳಗೂ ಬಿತ್ತು.

ಮರುವಾರ ಕ್ರೀಡಾಂಗಣದ ಗೇಟಿನ ಮೇಲೆ ಸುತ್ತೋಲೆ ಅಂಟಿಸಲಾಯಿತು. "ಅಭಿಮಾನಿಗಳು ಇನ್ನು ಮುಂದೆ ತಮ್ಮ ಅಭಿಪ್ರಾಯಗಳನ್ನು ಬಾಯಿಯ ಮೂಲಕ ವ್ಯಕ್ತಪಡಿಸತಕ್ಕದ್ದಲ್ಲ. ಅಭಿಪ್ರಾಯವುಳ್ಳವರು ನಮೂನೆ ಅ-೭ರಲ್ಲಿ, ಮೂರು ಪ್ರತಿಗಳಲ್ಲಿ, ಅಭಿಪ್ರಾಯ ಶಾಖೆಗೆ ಸಲ್ಲಿಸತಕ್ಕದ್ದು. ನಿಟ್ಟುಸಿರಿಗೆ ವಿನಾಯಿತಿ ಇರುತ್ತದೆ."

ಅಭಿಪ್ರಾಯ ಶಾಖೆಯನ್ನು ಆಟಗಾರರು ಬಟ್ಟೆ ಬದಲಿಸುತ್ತಿದ್ದ ಕೋಣೆಯಲ್ಲಿ ತೆರೆಯಲಾಯಿತು. ಆಟಗಾರರಿಗೆ ನೀರಿನ ಟ್ಯಾಂಕಿನ ಹಿಂದೆ ವ್ಯವಸ್ಥೆಯಾಯಿತು. ಟೈಲರ್ ಮೊದಲ ದಿನವೇ ಹೋದ. ಮೇಜಿನ ಹಿಂದೆ ಅಭಿಪ್ರಾಯಾಧಿಕಾರಿ ಕುಳಿತಿದ್ದರು. ಕಾಲರಿನವರೆಗೂ ಗುಂಡಿ ಹಾಕಿಕೊಂಡ ಮನುಷ್ಯ. ನಮೂನೆಯನ್ನು ಅವರೇ ಓದಿ ಹೇಳಿದರು.

"ಅಭಿಪ್ರಾಯದ ಸ್ವರೂಪ ಅಂತ ಇದೆ ನೋಡಿ. ಸಿಟ್ಟು, ಕಡುಸಿಟ್ಟು, ಅಳು, ಇತರೆ. ಯಾವುದಕ್ಕೆ ಟಿಕ್ ಹಾಕ್ಲಿ?"

"ಎಲ್ಲಾದಕ್ಕೂ ಹಾಕಿ ಸಾರ್."

"ಒಂದಕ್ಕೆ ಮಾತ್ರ ಅವಕಾಶ."

"ಹಾಗಾದ್ರೆ ಅಳು."

"ಅಳುವಿಗೆ ಮನೆಯವರ ಸಾಕ್ಷಿ ಬೇಕಾಗುತ್ತೆ."

ಟೈಲರ್ ಹೆಂಡತಿಯನ್ನು ಕರೆದುಕೊಂಡು ಬಂದ. ಆಕೆ ಒಲೆ ಆರಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದವಳು ಅಧಿಕಾರಿಯನ್ನೂ ಗಂಡನನ್ನೂ ಒಮ್ಮೆ ನೋಡಿದಳು.

"ಅಳ್ತಾರೇನಮ್ಮಾ ಇವರು?"

"ಅಳೋದಾ? ಭಾನುವಾರ ಸಂಜೆ ನಮ್ಮನೆಗೆ ಬಂದು ನೋಡಿ ಸಾರ್. ನಮ್ಮಪ್ಪ ಹೋದಾಗ ಒಂದು ಹನಿ ಉದುರಿಸ್ಲಿಲ್ಲ ಈ ಮನುಷ್ಯ. ಪೆನಾಲ್ಟಿ ತಪ್ಪಿದ್ದಕ್ಕೆ ಮೂರು ದಿನ ಅನ್ನ ಬಿಟ್ರು."

"ಇಷ್ಟು ಸಾಕು. ಇಲ್ಲಿ ಸಹಿ ಹಾಕಿ."

ಅಭಿಪ್ರಾಯದ ಜಾಗದಲ್ಲಿ ಟೈಲರ್ ಮೂವತ್ತನಾಲ್ಕು ವರ್ಷಗಳ ಸಾರವನ್ನೆಲ್ಲ ಒಂದೇ ಸಾಲಿಗೆ ಇಳಿಸಿದ: "ಚೆಂಡನ್ನು ಗೋಲಿನ ಕಡೆಗೆ ಒದೆಯಬೇಕು." ಬರೆದು ಮುಗಿಸಿದಾಗ ಅವನಿಗೆ ಎದೆಯ ಭಾರ ಇಳಿದಂತಾಯಿತು. ತನ್ನ ಮಾತನ್ನು ಕೊನೆಗೂ ಯಾರೋ ಮೊಹರು ಹಾಕಿ ತೆಗೆದುಕೊಂಡಿದ್ದರು.

ಎಂಟು ದಿನಗಳ ನಂತರ, ಅವಸರದ ಹೊಲಿಗೆಯಿಂದ ಟೈಲರ್ ಪಂದ್ಯಕ್ಕೆ ತಡವಾಗಿ ಅಂಗಡಿಯಲ್ಲೇ ಇದ್ದ ದಿನ, ಪತ್ರ ಬಂತು. "ತಮ್ಮ ಅಭಿಪ್ರಾಯವನ್ನು ಮಂಡಳಿಯು ತಾತ್ವಿಕವಾಗಿ ಒಪ್ಪಿರುತ್ತದೆ. ಆದರೆ ಮೈದಾನದಲ್ಲಿ ಎರಡು ಗೋಲುಗಳಿದ್ದು, ತಾವು ಯಾವುದೆಂದು ನಮೂದಿಸಿರುವುದಿಲ್ಲ. ಸ್ಪಷ್ಟೀಕರಣ ಬರುವವರೆಗೆ ಅಭಿಮಾನಿಗಳ ಭಾವನೆಗೆ ಧಕ್ಕೆಯಾಗದಂತೆ, ಸಮೀಪದ ಗೋಲಿನಲ್ಲಿ ಪ್ರಾಯೋಗಿಕವಾಗಿ ಜಾರಿಗೊಳಿಸಲು ಕೋಚ್‌ಗೆ ಸೂಚಿಸಲಾಗಿದೆ."

ಟೈಲರ್ ಕತ್ತರಿ ಬಿಸಾಕಿ ಓಡಿದ. ಅವನು ಕ್ರೀಡಾಂಗಣ ಮುಟ್ಟುವ ವೇಳೆಗೆ ಹದಿನೈದನೆಯ ಪಂದ್ಯ ಅರ್ಧ ಮುಗಿದಿತ್ತು. ಹಳದಿ ತಂಡ ತನ್ನದೇ ಗೋಲಿಗೆ ಮೂರು ಹೊಡೆದಿತ್ತು. ಆಟಗಾರರು ಅಷ್ಟು ಹುಮ್ಮಸ್ಸಿನಿಂದ ಓಡಿದ್ದನ್ನು ಅವನು ವರ್ಷಗಳಿಂದ ನೋಡಿರಲಿಲ್ಲ. ಗೋಲ್‌ಕೀಪರ್ ಮೂರಕ್ಕೂ ತಲೆಬಾಗಿದ್ದ. ಪಂದ್ಯ ಏಳು ಗೋಲಿನಿಂದ ಹೋಯಿತು. ಅಭಿಪ್ರಾಯಾಧಿಕಾರಿ ಸ್ವತಃ ಮೂರನೇ ಸಾಲಿಗೆ ಬಂದು ಟೈಲರ್‌ನ ಕೈ ಕುಲುಕಿದರು.

"ಅಭಿನಂದನೆ. ಶೇಕಡಾ ನೂರರಷ್ಟು ಅನುಷ್ಠಾನ."

"ಸಾರ್, ಆ ಕಡೆ ಗೋಲು ಸಾರ್! ಆ ಕಡೆದು!"

"ಬಾಯಲ್ಲಿ ಹೇಳ್ಬೇಡಿ," ಎಂದು ಅವರು ಮೆಲ್ಲಗೆ ನೆನಪಿಸಿ, ಜೇಬಿನಿಂದ ಖಾಲಿ ನಮೂನೆ ತೆಗೆದುಕೊಟ್ಟರು.

ಒಬ್ಬ ಅಭಿಮಾನಿಯ ಮಾತು ಹೀಗೆ ನೇರವಾಗಿ ಮೈದಾನಕ್ಕಿಳಿದದ್ದು ಕಂಡು ಜನಕ್ಕೆ ಹುರುಪು ಬಂತು. ಬೇಕರಿಯವನು ಬರೆದ, ಬಸ್ ಡ್ರೈವರ್ ಬರೆದ, ಹಲ್ಲಿನ ಡಾಕ್ಟರು ಗಿರಾಕಿಯ ಬಾಯಿ ತೆರೆಸಿಟ್ಟೇ ಬರೆದರು. ಒಂದೇ ವಾರಕ್ಕೆ ನಾಲ್ಕು ಸಾವಿರ ನಮೂನೆ. ಶಾಖೆಗೆ ಸಿಬ್ಬಂದಿ ಸಾಲದಾಯಿತು. ಹೊಸಬರನ್ನು ತೆಗೆದುಕೊಳ್ಳಲು ನಿಯಮ ಅಡ್ಡ ಬಂದದ್ದರಿಂದ, ಇರುವ ನೌಕರರಲ್ಲೇ ಕೈ ಖಾಲಿ ಇರುವವರನ್ನು ನಿಯೋಜಿಸಬಹುದೆಂದು ಮಂಡಳಿ ತೀರ್ಮಾನಿಸಿತು. ಕೈ ಖಾಲಿ ಇದ್ದವರು ಆಟಗಾರರು.

ಮುಂಚೂಣಿ ಆಟಗಾರ ಟೈಪಿಂಗಿಗೆ ಬಂದ. ಎಡಬದಿಯವನು ಕಡತ ಕಟ್ಟಿದ. ಗೋಲ್‌ಕೀಪರ್‌ನನ್ನು ಅರ್ಜಿ ಸ್ವೀಕರಿಸುವ ಕಿಟಕಿಯಲ್ಲಿ ಕೂರಿಸಿದರು. ಅಲ್ಲಿ ಅವನ ಪ್ರತಿಭೆ ಬೆಳಕಿಗೆ ಬಂತು. ಒಂದೇ ಒಂದು ಅರ್ಜಿ ಅವನನ್ನು ದಾಟಿ ಒಳಗೆ ಹೋಗಲಿಲ್ಲ. ಸಹಿ ಓರೆ, ಶಾಯಿ ತಿಳಿ, ಅಂಚಿನಲ್ಲಿ ಜಾಗ ಕಮ್ಮಿ. ಎಡಕ್ಕೂ ಬಲಕ್ಕೂ ಹಾರಿ ತಡೆದ.

ಟೈಲರ್‌ಗೆ ಊಟ ಸೇರಲಿಲ್ಲ. ತಾನೊಂದು ಮಾತಾಡಿದ್ದಕ್ಕೆ ಇಡೀ ತಂಡ ಕುರ್ಚಿಗೆ ಅಂಟಿಕೊಂಡಿತಲ್ಲ ಎಂಬ ಸಂಕಟ. ಒಂದು ದಿನ ಕಿಟಕಿಯ ಬಳಿ ಹೋಗಿ ನಿಂತ.

"ಏನಪ್ಪಾ, ನೀನು ಮೈದಾನಕ್ಕೆ ವಾಪಸ್ ಬರಲ್ವಾ?"

ಗೋಲ್‌ಕೀಪರ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಟೈಲರಣ್ಣ, ನಿಮಗೆ ಹೇಳೋದಕ್ಕೇನು. ಒಂಬತ್ತು ವರ್ಷ ಆ ಬಲೆ ಮುಂದೆ ನಿಂತೆ. ನಮ್ಮವ್ವ ಒಂದು ದಿನಾನೂ ಪಂದ್ಯಕ್ಕೆ ಬಂದಿರಲಿಲ್ಲ. ನಿನ್ನೆ ಬಂದು, ನಾನು ಇಲ್ಲಿ ಕೂತಿದ್ದನ್ನ ನೋಡಿ ದೃಷ್ಟಿ ತೆಗೆದು ಹೋದ್ಲು."

ಟೈಲರ್ ಕಿಟಕಿ ಬಿಟ್ಟು ಸರಿದ. ಒಳಗೆ ಹೋಗಿ ಅಧಿಕಾರಿಯ ಮುಂದೆ ಕೈಮುಗಿದ. "ಸಾರ್, ಹುಡುಗ್ರನ್ನ ಆಡೋದಕ್ಕೆ ಬಿಡಿ."

"ಇದು ಅಭಿಪ್ರಾಯಾನಾ?"

"ಅಲ್ಲ ಸಾರ್, ಬೇಡ್ಕೊಳ್ತಿದೀನಿ."

"ಬೇಡಿಕೆ ಶಾಖೆ ಇನ್ನೂ ಆರಂಭವಾಗಿಲ್ಲ."

ಹದಿನೆಂಟನೆಯ ಪಂದ್ಯದ ಹೊತ್ತಿಗೆ ಮೈದಾನಕ್ಕಿಳಿಯಲು ಉಳಿದವರು ಆರು ಮಂದಿ. ಏಳು ಜನರಿಲ್ಲದೆ ಪಂದ್ಯ ನಡೆಯುವಂತಿಲ್ಲ ಎಂಬುದು ಲೀಗಿನ ನಿಯಮ. ರೆಫರಿ ತಲೆ ಎಣಿಸಿದ, ಹದಿನೈದು ನಿಮಿಷ ಕಾದ, ಎದುರಾಳಿಗೆ ಮೂರು-ಸೊನ್ನೆಯ ಗೆಲುವು ಘೋಷಿಸಿದ. ಗ್ಯಾಲರಿಯಲ್ಲಿ ಜನ ಮನೆಗೆ ಏಳತೊಡಗಿದರು. ಆಮೇಲೆ ಯಾರೋ ಲೆಕ್ಕ ಹಾಕಿದರು. ಬರೇ ಮೂರು! ಆ ವರ್ಷ ಹಳದಿ ತಂಡ ಅಷ್ಟು ಕಡಿಮೆ ಗೋಲಿಗೆ ಸೋತದ್ದೇ ಇರಲಿಲ್ಲ. ಜನ ಅಪರಿಚಿತರನ್ನೆಲ್ಲ ತಬ್ಬಿಕೊಂಡರು. ಬೇಕರಿಯವನಿಗೆ ಕಣ್ಣಲ್ಲಿ ನೀರು. ಕೋಚನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸಿದರು. ಅವನಿಗೆ ಎಚ್ಚರವಾದದ್ದು ಎರಡನೇ ಸುತ್ತಿನಲ್ಲಿ.

ಮರುದಿನದ ಸುತ್ತೋಲೆ ಹೀಗಿತ್ತು: "ಸೋಲಿನ ಪ್ರಮಾಣದಲ್ಲಿ ಗಣನೀಯ ಸುಧಾರಣೆ ಕಂಡುಬಂದಿರುವುದರಿಂದ, ತಂಡದ ಮಂಜೂರಾದ ಬಲವನ್ನು ಆರಕ್ಕೆ ನಿಗದಿಪಡಿಸಲಾಗಿದೆ. ಏಳನೆಯವರು ಆಡಲು ಮುಂದಾದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು."

ಅಂದಿನಿಂದ ಭಾನುವಾರಗಳು ಶಾಂತವಾದವು. ಜನ ಬಂದು ಕೂತು, ಹದಿನೈದು ನಿಮಿಷ ಖಾಲಿ ಮೈದಾನ ನೋಡಿ, ಮೂರಕ್ಕೆ ಸೋತು, ಹೊತ್ತಿಗೆ ಮುಂಚೆ ಮನೆ ಸೇರಿದರು. ಟೈಲರ್‌ನ ರಕ್ತದೊತ್ತಡವೂ ಇಳಿಯಿತು. ಆದರೆ ಇಳಿದದ್ದು ಅವನಿಗೆ ಇಷ್ಟವಾಗಲಿಲ್ಲ.

ಅಂಥದೇ ಇಪ್ಪತ್ತೊಂದನೆಯ ಪಂದ್ಯ. ರೆಫರಿ ಗಡಿಯಾರ ನೋಡುತ್ತ ನಿಂತಿದ್ದ. ಚೆಂಡು ಮೈದಾನದ ನಟ್ಟನಡುವೆ ಅನಾಥವಾಗಿ ಕೂತಿತ್ತು. ಎದುರಾಳಿ ಗೋಲ್‌ಕೀಪರ್ ಕಂಬಕ್ಕೊರಗಿ ಕಿತ್ತಳೆ ಸುಲಿಯುತ್ತಿದ್ದ. ಟೈಲರ್ ಆ ಚೆಂಡನ್ನು ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ಐವತ್ತೆಂಟು ವರ್ಷದ ಮನುಷ್ಯ, ಕೊರಳಲ್ಲಿ ಅಳತೆ ಟೇಪು ಹಾಗೇ ಇದ್ದಂತೆ, ಕಂಬಿ ಹತ್ತಿ ಇಳಿದು ನಡೆದೇ ಹೋದ. ಚೆಂಡನ್ನು ತಳ್ಳಿಕೊಂಡು ಹೊರಟ. ಎದುರಾಳಿ ತಂಡದವರು, ಹಿರಿಯರು ಯಾರೋ ಏನೋ ಕೆಲಸದ ಮೇಲೆ ಹೊರಟಿರಬೇಕೆಂದು ದಾರಿ ಬಿಟ್ಟರು. ಗೋಲಿನ ಮುಂದೆ ಬಂದು ನಿಂತ.

"ಸ್ವಲ್ಪ ಪಕ್ಕಕ್ಕೆ ಸರಿತೀಯೇನಪ್ಪಾ?"

"ಬನ್ನಿ ಯಜಮಾನ್ರೇ," ಎಂದು ಗೋಲ್‌ಕೀಪರ್ ಕಿತ್ತಳೆ ಸಮೇತ ಸರಿದ.

ಟೈಲರ್ ಒದ್ದ. ಚಪ್ಪಲಿ ಚೆಂಡಿಗಿಂತ ಎತ್ತರ ಹಾರಿತು. ಚೆಂಡು ಅವಸರವಿಲ್ಲದೆ ಉರುಳಿ ಉರುಳಿ ಗೆರೆ ದಾಟಿ, ಬಲೆಗೆ ಮುಟ್ಟಿಯೂ ಮುಟ್ಟದ ಹಾಗೆ ನಿಂತಿತು. ಕೂಗುವಂತಿರಲಿಲ್ಲವಾದ್ದರಿಂದ ಇಡೀ ಕ್ರೀಡಾಂಗಣ ಎದ್ದುನಿಂತು ನಿಟ್ಟುಸಿರುಬಿಟ್ಟಿತು. ಸಾವಿರಾರು ಜನರ ನಿಟ್ಟುಸಿರು. ಟೈಲರ್ ಒಂಟಿ ಚಪ್ಪಲಿಯಲ್ಲಿ ನಿಂತು ಅದನ್ನು ಕೇಳಿದ. ಜನ್ಮದಲ್ಲಿ ಅಷ್ಟು ಸುಖದ ಸದ್ದು ಅವನು ಕೇಳಿರಲಿಲ್ಲ.

"ಹೊಡೆದ್ರಂತೆ?" ಎಂದಳು ಮನೆಯಲ್ಲಿ ಹೆಂಡತಿ.

"ಹೂಂ."

"ಕಾಲು ನೋವಾ?"

"ಹೂಂ."

"ನೋಯ್ಲಿ ಬಿಡಿ. ಬನ್ನಿ, ಊಟಕ್ಕೆ ಕೂತ್ಕೊಳ್ಳಿ." ಆ ದಿನ ಅವನು ಎರಡು ಸಲ ಅನ್ನ ಹಾಕಿಸಿಕೊಂಡ.

ಕಾರಣ ಕೇಳಿ ನೋಟಿಸು ಮಂಗಳವಾರ ಬಂತು, ವಿಚಾರಣೆ ಗುರುವಾರ. ಗೋಲು ಹೊಡೆದವನು ನೋಂದಾಯಿತ ಆಟಗಾರನಲ್ಲ, ಆದ್ದರಿಂದ ಅದು ಗೋಲಲ್ಲ ಎಂದು ಒಬ್ಬ ಸದಸ್ಯರು ವಾದಿಸಿದರು. ಚೆಂಡು ಒಳಗೆ ಹೋದದ್ದನ್ನು ಜನ ಕಂಡಿರುವುದರಿಂದ ಅದು ಏನೋ ಒಂದು ಆಗಿರಲೇಬೇಕು ಎಂದು ಇನ್ನೊಬ್ಬರು. ಎರಡು ಗಂಟೆಯ ಚರ್ಚೆಯ ನಂತರ ಅಭಿಪ್ರಾಯಾಧಿಕಾರಿ ಆದೇಶ ಓದಿದರು.

"ಸದರಿ ಗೋಲನ್ನು ಅಭಿಮಾನಿಯ ಅಭಿಪ್ರಾಯವೆಂದು ಪರಿಗಣಿಸಲಾಗಿದೆ. ನಿಗದಿತ ನಮೂನೆಯಲ್ಲಿ ಇಲ್ಲದಿರುವುದರಿಂದ ತಿರಸ್ಕರಿಸಲಾಗಿದೆ. ಮೂವತ್ತು ದಿನಗಳೊಳಗೆ ಮೂರು ಪ್ರತಿಗಳಲ್ಲಿ ಮರುಸಲ್ಲಿಸಬಹುದು."

ಟೈಲರ್ ಆ ಕಾಗದ ಹಿಡಿದು ಮೆಟ್ಟಿಲಿಳಿದ. ಹೊರಗೆ ಸಾಲುಗಟ್ಟಿದ್ದ ಜನ, ನ್ಯಾಯವಾದ ತೀರ್ಪು ಅಂದರು. ಬಸ್ ಡ್ರೈವರ್ ಪೆನ್ನು ಕೊಟ್ಟ. ಹಲ್ಲಿನ ಡಾಕ್ಟರು ಬೆನ್ನು ಕೊಟ್ಟರು. ಟೈಲರ್ ಅವರ ಬೆನ್ನ ಮೇಲೆ ಖಾಲಿ ನಮೂನೆಯಿಟ್ಟು ಗೋಲನ್ನು ಬರೆದ, ಚೆಂಡು ಉರುಳಿದ ದಾರಿಯನ್ನು ಚುಕ್ಕೆಗೆರೆಯಲ್ಲಿ ತೋರಿಸಿದ, ಯಾವ ಗೋಲು ಎಂಬುದನ್ನೂ ಈ ಸಲ ಮರೆಯದೆ ನಮೂದಿಸಿದ. ಕಿಟಕಿಯಲ್ಲಿ ಗೋಲ್‌ಕೀಪರ್ ಕಾಗದವನ್ನು ತಿರುವಿ ತಿರುವಿ ನೋಡಿದ. ಅಂಚು ಅಳೆದ. ಸಹಿಗೆ ಬೆಳಕು ಹಿಡಿದ. ಆಮೇಲೆ, ಆ ಕಿಟಕಿಯಲ್ಲಿ ಕೂತ ಮೇಲೆ ಮೊದಲ ಸಲ, ಒಂದನ್ನು ಒಳಗೆ ಬಿಟ್ಟ.

ಸ್ವೀಕೃತಿ ಚೀಟಿಯನ್ನು ಟೈಲರ್ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ. ಗೋಲು ಪರಿಶೀಲನೆಯಲ್ಲಿದೆ ಎಂದು ಬಂದವರಿಗೆಲ್ಲ ಹೇಳಿದ. ಆಗಲಿ, ಎಲ್ಲಿಗೆ ಹೋಗುತ್ತೆ, ಅಂದರು ಬಂದವರು.

ಲೀಗ್ ಮುಗಿದ ವಾರ ಅಂಗಡಿಯ ಮುಂದೆ ಒಂದು ವ್ಯಾನ್ ನಿಂತಿತು. ಇಳಿದವನು ಹಸಿರು ತಂಡದ ನಾಯಕ. ಸತತ ಐದು ವರ್ಷ ಲೀಗ್ ಗೆದ್ದ ತಂಡ. ಹಿಂದೆಯೇ ಹತ್ತು ಜನ ಇಳಿದು ಗೋಡೆಗೆ ಸಾಲಾಗಿ ನಿಂತರು.

"ಹನ್ನೊಂದು ಜೊತೆ ಪ್ಯಾಂಟು ಹೊಲೀಬೇಕಿತ್ತು ಯಜಮಾನ್ರೇ. ನಮ್ಮಲ್ಲೂ ಶಾಖೆ ತೆರೀತಿದಾರೆ."

ಟೈಲರ್ ಮೊದಲನೆಯವನ ಸೊಂಟಕ್ಕೆ ಟೇಪು ಸುತ್ತಿದ. "ಓಡೋದಕ್ಕೋ, ಕೂರೋದಕ್ಕೋ?"

"ಕೂರೋದಕ್ಕೆ."

"ಹಾಗಾದ್ರೆ ಹಿಂದೆ ಎರಡಿಂಚು ಸಡಿಲ ಬಿಡ್ತೀನಿ," ಎಂದು ಟೈಲರ್ ಕಿವಿಯ ಮೇಲಿನ ಪೆನ್ಸಿಲು ತೆಗೆದು ಬರೆದುಕೊಂಡ.